ಹಿತ್ತಲಿದೆ, ಹೋಗುವವರಿಲ್ಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು 40×60ರ ಸೈಟು, ಎರಡಂತಸ್ತಿನ ಮನೆ, ದಕ್ಷಿಣ ಬಾಗಿಲು. ಹಿಂದೆ ಉತ್ತರದಲ್ಲಿ 12 ಅಡಿ ಅಗಲ, 38 ಅಡಿ ಉದ್ದದ ಜಾಗ ಉಳಿದಿದೆ. ಎರಡು ಸಲ ಹುಲ್ಲುಹಾಸು ಹಾಕಿಸಿದೆವು, ಎರಡೂ ಸಲ ಚಳಿಗಾಲದಲ್ಲಿ ಹಳದಿಯಾಗಿ ಸತ್ತಿತು. ಮೂಲೆಯ ಕಲ್ಲುಬೆಂಚಿನ ಮೇಲೆ ಯಾರೂ ಕೂರುವುದಿಲ್ಲ. ಅಡುಗೆಮನೆ ಬಾಗಿಲಿನಿಂದ ಒಂದೂವರೆ ಅಡಿ ಕೆಳಗಿಳಿಯಬೇಕು, ನಮ್ಮತ್ತೆಯವರಿಗೆ ಮಂಡಿನೋವು. ಈ ಜಾಗವನ್ನು ಬಳಕೆಗೆ ತರುವುದು ಹೇಗೆ?
– ಓದುಗರು, ಮೈಸೂರು

ಉತ್ತರ: ಹುಲ್ಲು ಸತ್ತದ್ದು ನಿಮ್ಮ ಆರೈಕೆ ಸಾಲದೆ ಅಲ್ಲ, ಬಿಸಿಲು ಸಾಲದೆ. ಮೈಸೂರಿನಲ್ಲಿ ಡಿಸೆಂಬರ್ ಕೊನೆಯ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಪ್ಯಾರಪೆಟ್ ಸೇರಿ ನಿಮ್ಮ ಮನೆ 24 ಅಡಿ ಇದ್ದರೆ ಅದರ ನೆರಳು ಉತ್ತರಕ್ಕೆ 17 ಅಡಿ ಚಾಚುತ್ತದೆ, ನಿಮ್ಮ ಹಿತ್ತಲೇ 12 ಅಡಿ. ನವೆಂಬರ್ ಮೊದಲ ವಾರದಿಂದ ಫೆಬ್ರವರಿ ಮೊದಲ ವಾರದವರೆಗೆ ಅಲ್ಲಿ ನಡುಮಧ್ಯಾಹ್ನವೂ ನೆಲಕ್ಕೆ ಬಿಸಿಲು ತಾಗುವುದಿಲ್ಲ. ಹುಲ್ಲುಹಾಸಿಗೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು. ಬೇಸಿಗೆಯಲ್ಲಿ 200 ಚದರಡಿಗೆ ದಿನವೂ 90ರಿಂದ 100 ಲೀಟರ್ ನೀರೂ ಬೇಕು. ಮೂರನೇ ಸಲ ಹಾಕಿಸಬೇಡಿ.

ಬೆಂಚು ಖಾಲಿ ಇರುವುದಕ್ಕೆ ಕಾರಣ ಅದು ಮೂಲೆಯಲ್ಲಿರುವುದು. ಹಿತ್ತಲಿಗೆ ಜನ ಹೋಗುವುದು ಕೆಲಸವಿದ್ದಾಗ: ಸೊಪ್ಪು ಬಿಡಿಸಲು, ಬಟ್ಟೆ ಒಣಹಾಕಲು, ತೆಂಗಿನಕಾಯಿ ಸುಲಿಯಲು, ಕರಿಬೇವು ಕೀಳಲು. ಆ ಕೆಲಸ ಮಾಡುವಲ್ಲೇ ಕೂರುವ ಜಾಗವೂ ಇದ್ದರೆ ಕೆಲಸ ಮುಗಿದ ಮೇಲೂ ಕೂರುತ್ತಾರೆ. ಹಾಗಾಗಿ ಮೊದಲ ಖರ್ಚು ಅಡುಗೆಮನೆ ಬಾಗಿಲಿಗೆ ಅಂಟಿದ ಜಗಲಿಗೆ ಆಗಲಿ.

ಜಗಲಿ 12 ಅಡಿ ಉದ್ದ, ಆರೂವರೆ ಅಡಿ ಅಗಲ ಇರಲಿ. ಅದರ ಮಟ್ಟ ಮನೆಯ ನೆಲಕ್ಕಿಂತ ಒಂದೂವರೆ ಇಂಚು ಕೆಳಗಿರಬೇಕು. ಸಮಮಟ್ಟಕ್ಕೆ ತಂದರೆ ಗಾಳಿಮಳೆಯಲ್ಲಿ ನೀರು ಹೊಸ್ತಿಲು ದಾಟುತ್ತದೆ. ನೀರು ಹರಿದುಹೋಗಲು ಹೊರಕ್ಕೆ ಒಂದು ಇಂಚು ಓಟ (ಇಳಿಜಾರು) ಕೊಡಿಸಿ. ಆಗ ಜಗಲಿಯ ಅಂಚು ನೆಲದಿಂದ 16 ಇಂಚಿನ ಆಸುಪಾಸು ಬರುತ್ತದೆ, ಅದೇ ಕೂರುವ ಎತ್ತರ. ಬೇರೆ ಬೆಂಚೇ ಬೇಡ. ಕೆಳಗಿಳಿಯಲು ಐದೂವರೆ ಇಂಚಿನ ಮೂರು ಏರು, ಕಾಲಿಡಲು ತಲಾ 12 ಇಂಚು, ಒಂದು ಪಕ್ಕಕ್ಕೆ ಮೂರಡಿ ಎತ್ತರದ ಕೈಪಿಡಿ. ಮೆಟ್ಟಿಲನ್ನು ಜಗಲಿಯ ಮುಂದೆ ಕಟ್ಟಿಸಬೇಡಿ, ಬದಿಗೆ ಕಟ್ಟಿಸಿ. ಮುಂದೆ ಕಟ್ಟಿದರೆ ಓಡಾಡುವ ದಾರಿಯೇ ಹೋಗುತ್ತದೆ.

ಇಂಥ ಜಗಲಿ ಕೆಡುವುದು ಬಹುಪಾಲು ಒಳಗೆ ತುಂಬಿದ ಮಣ್ಣಿನಿಂದ. ಕಟ್ಟಡದ ಅವಶೇಷವನ್ನೆಲ್ಲ ಒಂದೇ ಸಲ ಸುರಿದು ಮೇಲೆ ಕಾಂಕ್ರೀಟ್ ಹಾಕಿಬಿಡುತ್ತಾರೆ. ಮೊದಲ ಮಳೆಗಾಲಕ್ಕೆ ಅದು ಕುಸಿದು, ಮನೆ ಗೋಡೆಯ ಪಕ್ಕ ಬಿರುಕು ಬಿಟ್ಟು, ನೀರು ನೇರ ಪಾಯಕ್ಕೆ ಇಳಿಯುತ್ತದೆ. ಆರಾರು ಇಂಚಿನ ಪದರ ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಸಿ. ಮೇಲೆ 4 ಇಂಚು ಕಾಂಕ್ರೀಟ್, ಸಿಮೆಂಟ್, ಮರಳು, ಜಲ್ಲಿ 1:2:4ರ ಮಿಶ್ರಣ. ಗೋಡೆಗೂ ಜಗಲಿಗೂ ನಡುವೆ ಅರ್ಧ ಇಂಚು ಸಂದು ಬಿಡಿಸಿ ಡಾಂಬರು ಅಥವಾ ಸೀಲೆಂಟ್ ತುಂಬಿಸಿ. ಇನ್ನೊಂದು ವಿಷಯ, ಇದನ್ನು ಮರೆಯುವವರೇ ಹೆಚ್ಚು: ಚರಂಡಿಯ ಛೇಂಬರ್ ಎಲ್ಲಿದೆ ಎಂದು ಮೊದಲೇ ಗುರುತಿಸಿ. ಅದರ ಮೇಲೆ ಜಗಲಿ ಕಟ್ಟಿದರೆ ಮುಂದೊಂದು ದಿನ ಪೈಪು ಕಟ್ಟಿಕೊಂಡಾಗ ಜಗಲಿಯನ್ನೇ ಒಡೆಯಬೇಕಾಗುತ್ತದೆ.

ಉಳಿದ ಐದೂವರೆ ಅಡಿಯಲ್ಲಿ ಮೂರಡಿ ದಾರಿಗೆ, ಎರಡೂವರೆ ಅಡಿ ಕಾಂಪೌಂಡಿನ ಉದ್ದಕ್ಕೂ ಪಾತಿಗೆ. ಒಂದೇ ಕಡೆಯಿಂದ ಕೈ ನಿಲುಕುವುದು ಎರಡೂವರೆ ಅಡಿಯವರೆಗೆ, ಅದಕ್ಕಿಂತ ಅಗಲ ಮಾಡಿದರೆ ಹಿಂಬದಿಯ ಕಳೆ ಹಾಗೇ ಉಳಿಯುತ್ತದೆ. ನೆರಳನ್ನು ತಾಳಿಕೊಳ್ಳುವ ಅರಿಶಿನ, ಶುಂಠಿ, ಒಂದೆಲಗ, ದೊಡ್ಡಪತ್ರೆ, ಕೆಸು, ವೀಳ್ಯದೆಲೆ ಬಳ್ಳಿ ಇಲ್ಲಿಗೆ ಹೇಳಿ ಮಾಡಿಸಿದ ಗಿಡಗಳು. ಟೊಮೆಟೊ, ಮೆಣಸಿನಕಾಯಿ ಬೇಕೆಂದರೆ ಚೀಲದಲ್ಲಿ ಬೆಳೆಸಿ. ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಹಿತ್ತಲಲ್ಲಿಟ್ಟು, ಆಮೇಲೆ ತಾರಸಿಗೆ ಒಯ್ಯಿರಿ. ನುಗ್ಗೆಯನ್ನು ಮಾತ್ರ ಜಗಲಿ ಹತ್ತಿರ ನೆಡಬೇಡಿ: ಕೊಂಬೆ ಪೆಡಸು, ಗಾಳಿಗೆ ಮುರಿಯುತ್ತದೆ. ಕಂಬಳಿಹುಳು ಬಿದ್ದ ವರ್ಷ ಅದರ ಕೆಳಗೆ ಕೂರಲಾಗುವುದಿಲ್ಲ.

ದೀಪದ ಸ್ವಿಚ್ಚು ಅಡುಗೆಮನೆಯ ಒಳಗೇ, ಬಾಗಿಲ ಪಕ್ಕದಲ್ಲಿರಲಿ. ಹೊರಗಿನ ಪ್ಲಗ್‌ಗೆ ಕರೆಂಟು ಸೋರಿದರೆ ತಕ್ಷಣ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕಡ್ಡಾಯವಾಗಿ ಹಾಕಿಸಿ.

ಪ್ರಶ್ನೆ: ನಮ್ಮದು ಎರೆಮಣ್ಣು. ಹಿತ್ತಲಲ್ಲಿ ಕೂಡೂದಕ್ಕಂತ 12×15 ಅಡಿ ಜಾಗಕ್ಕೆ ಫರಸಿ ಹಾಕಿಸಿದ್ವಿ. ಎರಡು ವರ್ಷದಾಗ ಅಲ್ಲಲ್ಲಿ ಎದ್ದು ನಿಂತಾವು, ಕುರ್ಚಿ ಸಮ ನಿಲ್ಲಂಗಿಲ್ಲ. ಕಿತ್ತು ಮತ್ತ ಸಿಮೆಂಟ್ ಹಾಕಿ ಕೂಡಿಸಿದ್ರ ಸಾಕೇನು?
– ಓದುಗರು, ಧಾರವಾಡ

ಉತ್ತರ: ಸಾಲದು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಸಿಮೆಂಟಿನಲ್ಲಿ ಬಿಗಿದ ಕಲ್ಲು ಆ ಏರಿಳಿತವನ್ನು ತಾಳಲಾರದು. ಮಾಡಬೇಕಾದದ್ದು ಎರಡು: ಮೇಲಿನ ಎರೆಮಣ್ಣು ತೆಗೆಯುವುದು, ಕಲ್ಲನ್ನು ಸಿಮೆಂಟಿಲ್ಲದೆ ಉಸುಕಿನ ಮೇಲೆ ಕೂಡಿಸುವುದು.

22 ಇಂಚು ಅಗೆಸಿ. ಅದರಲ್ಲಿ 18 ಇಂಚು ಗರಸು, ಆರಾರು ಇಂಚಿನ ಪದರದಲ್ಲಿ ನೀರು ಹೊಡೆದು ಚೆನ್ನಾಗಿ ಬಡಿದದ್ದು. ಬಡಿದಾಗ ಗರಸು ಇಳಿಯುವುದರಿಂದ 180 ಚದರಡಿಗೆ ಸುಮಾರು ಮೂರೂವರೆ ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ) ಬೇಕಾಗುತ್ತದೆ. ಅದರ ಮೇಲೆ ಒಂದೂವರೆ ಇಂಚು ಉಸುಕು, ಅದರ ಮೇಲೆ 60 ಮಿ.ಮೀ. ದಪ್ಪದ ಪೇವರ್ (ಕಾಂಕ್ರೀಟಿನ ಹಾಸುಗಲ್ಲು). ಕಾರು ಹತ್ತುವ ಜಾಗವಾದರೆ 80 ಮಿ.ಮೀ. ಸಂದಿಗೆ ಸಣ್ಣ ಉಸುಕು ಗುಡಿಸಿ ತುಂಬಿಸಿ. ಸುತ್ತ ಕಾಂಕ್ರೀಟಿನ ಅಂಚುಗಲ್ಲು ಇರದಿದ್ದರೆ ಪೇವರ್ ಬದಿಗೆ ಸರಿದು ಇಡೀ ಹಾಸು ಸಡಿಲಾಗುತ್ತದೆ. ಓಟ ಹತ್ತಡಿಗೆ ಎರಡು ಇಂಚು, ಮನೆಯಿಂದ ಹೊರಕ್ಕೆ.

ಇಷ್ಟೆಲ್ಲ ಮಾಡಿಯೂ ಕೆಲವೆಡೆ ಕಲ್ಲು ಏಳುತ್ತದೆ. ಅಗೆದ ಗುಂಡಿಯ ತಳ ಎರೆಮಣ್ಣೇ ಆದ್ದರಿಂದ ಅದು ತೊಟ್ಟಿಯಂತೆ ನೀರು ಹಿಡಿದುಕೊಳ್ಳುತ್ತದೆ, ಆ ನೀರು ಕುಡಿದು ಕೆಳಮಣ್ಣು ಉಬ್ಬುತ್ತದೆ. ಗುಂಡಿಯ ತಳಕ್ಕೂ ಓಟ ಕೊಟ್ಟು, ತಗ್ಗಿನ ತುದಿಯಲ್ಲಿ ತೂತಿನ ಪೈಪೊಂದನ್ನು ಇಟ್ಟು ನೀರನ್ನು ಗಟಾರಕ್ಕೋ ತಗ್ಗಿನ ಕಡೆಗೋ ಬಿಡಿಸಿ. ಮನೆ ಗೋಡೆಗೆ ಹತ್ತಿ ದಿನಾ ನೀರು ಹಾಯಿಸುವ ಪಾತಿ ಮಾಡಬೇಡಿ, ಮೂರಡಿಯಾದರೂ ಬಿಡಿ. ಬೇವಿನಂಥ ದೊಡ್ಡ ಮರವನ್ನೂ ದೂರ ನೆಡಿ, ಬೇಸಿಗೆಯಲ್ಲಿ ಅದು ಪಾಯದ ಕೆಳಗಿನ ತೇವ ಹೀರಿದರೆ ಮಣ್ಣು ಕುಗ್ಗಿ ಗೋಡೆ ಬಿರಿಯುತ್ತದೆ. ಅಗೆದು ತೆಗೆದ ಮಣ್ಣನ್ನು ಹೊರಗೆ ಹಾಕಬೇಡಿ. ಗೊಬ್ಬರ, ಸ್ವಲ್ಪ ಉಸುಕು ಕೂಡಿಸಿದರೆ ಬದನೆ, ಮೆಣಸಿನಕಾಯಿಗೆ ಒಳ್ಳೆಯ ಪಾತಿಯಾಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಹಿಂದಿನ ಅಂಗಳ ಪಾಚಿ ಹಿಡಿದು ವಿಪರೀತ ಜಾರುತ್ತದೆ. ನಾಲ್ಕು ತಿಂಗಳು ಬಾಗಿಲು ಹಾಕಿಕೊಂಡೇ ಇರಬೇಕು. ಮಳೆ ನೋಡುತ್ತಾ ಕೂರುವ ಹಾಗೆ ಮಾಡಬಹುದೇ?
– ಓದುಗರು, ಪುತ್ತೂರು

ಉತ್ತರ: ಖಂಡಿತ ಮಾಡಬಹುದು, ನಿಮ್ಮಲ್ಲಿ ಹಿತ್ತಲನ್ನು ಮಳೆಗಾಲಕ್ಕೆಂದೇ ಕಟ್ಟಬೇಕು. ಹಿಂಬಾಗಿಲಿನಿಂದ ಎಂಟಡಿ ಇಳಿಮಾಡು ಎಳೆಯಿರಿ. ಕೂರುವುದು ಒಳಗಿನ ಐದಡಿಯಲ್ಲಿ, ಹೊರಗಿನ ಮೂರಡಿ ಇರಚಲಿಗೆ ಬಿಟ್ಟುಕೊಟ್ಟದ್ದೆಂದು ತಿಳಿಯಿರಿ. ಐದಡಿಗೇ ಮಾಡು ಮುಗಿಸಿದರೆ ಓರೆಮಳೆಗೆ ಕುರ್ಚಿ ಒದ್ದೆಯಾಗುತ್ತದೆ. ನೀರು ಬೀಳುವ ಗೆರೆಯುದ್ದಕ್ಕೂ ಒಂದೂವರೆ ಅಡಿ ಅಗಲದ ಚರಂಡಿ ತೋಡಿ 40 ಮಿ.ಮೀ. ಜಲ್ಲಿ ತುಂಬಿಸಿ, ಕೆಸರು ಸಿಡಿಯುವುದು ನಿಲ್ಲುತ್ತದೆ.

ನೆಲಕ್ಕೆ ನುಣುಪಿನ ಟೈಲ್ಸ್ ಬೇಡವೇ ಬೇಡ. ಉಳಿಯೇಟಿನ ಒರಟು ಗ್ರಾನೈಟ್ ಚಪ್ಪಡಿ ಹಾಕಿಸಿ, ಓಟ ಹತ್ತಡಿಗೆ ಎರಡೂವರೆ ಇಂಚು. ಪಾಚಿಗೆ ನೆರಳು, ತೇವ, ತೆಳ್ಳಗಿನ ಮಣ್ಣು ಮೂರೂ ಬೇಕು. ಅಂಗಳದ ಮೇಲೆ ಬಾಗಿದ ಕೊಂಬೆಗಳನ್ನು ಮೇ ತಿಂಗಳಲ್ಲಿ ಕಡಿಸಿ. ಹತ್ತು ಲೀಟರ್ ನೀರಿಗೆ ನೂರು ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ, ಒದ್ದೆ ನೆಲಕ್ಕೆ ಸುರಿದು ಇಪ್ಪತ್ತು ನಿಮಿಷ ಬಿಟ್ಟು ತಿಕ್ಕಿ ತೊಳೆಯಿರಿ. ಮಳೆ ಬಿಟ್ಟಾಗ ಆಗಸ್ಟಿನಲ್ಲಿ ಇನ್ನೊಮ್ಮೆ. ಇದರ ಜೊತೆ ಆ್ಯಸಿಡ್ ಅಥವಾ ಶೌಚಾಲಯ ತೊಳೆಯುವ ದ್ರಾವಣ ಬೆರೆಸಲೇಬಾರದು, ವಿಷಾನಿಲ ಏಳುತ್ತದೆ. ತೊಳೆದ ನೀರು ಬಾವಿಯ ಕಡೆಗಾಗಲಿ ಗಿಡದ ಬುಡಕ್ಕಾಗಲಿ ಹೋಗದಿರಲಿ. ಅಂಗಳ ದಾಟುವ ದಾರಿಗೆ ನಿಮ್ಮೂರಿನ ಹಳೆಯ ಉಪಾಯವೇ ಸರಿ: ಸೀಳಿದ ಅಡಿಕೆ ಮರದ ಸಲಾಕೆ ಅಡ್ಡಡ್ಡ ಹಾಸಿಬಿಡಿ.

ಪ್ರಶ್ನೆ: ಮನೆ ಹಿಂದೆ ಐದಡಿ ಅಗಲದ ಓಣಿ ಬಿಟ್ಟರೆ ಬೇರೆ ಜಾಗವಿಲ್ಲ. ಸಂಜೆ ಕೂತರೆ ಸೊಳ್ಳೆ. ಏನಾದರೂ ಮಾಡಬಹುದೇ?
– ಓದುಗರು, ಬೆಂಗಳೂರು

ಉತ್ತರ: ಗೋಡೆಗೆ ಅಂಟಿಸಿ 16 ಇಂಚು ಅಗಲದ ಕಟ್ಟೆ ಹಾಕಿಸಿ, ಓಡಾಡಲು ಇನ್ನೂ ಮೂರೂವರೆ ಅಡಿ ಉಳಿಯುತ್ತದೆ. ಸಂಜೆಯ ಸೊಳ್ಳೆ ಹೆಚ್ಚಾಗಿ ಕೊಳಕು ನೀರಿನದು: ಛೇಂಬರ್ ಮುಚ್ಚಳದ ಸಂದು ಮುಚ್ಚಿಸಿ, ಹೊಗೆಕೊಳವೆಯಂತೆ ಮೇಲೆದ್ದಿರುವ ಚರಂಡಿಯ ಗಾಳಿಪೈಪಿನ ಬಾಯಿಗೆ ಜಾಲರಿ ಕಟ್ಟಿ. ಹಗಲಲ್ಲಿ ಕಚ್ಚುವ ಡೆಂಗಿ ಸೊಳ್ಳೆ ಹುಟ್ಟುವುದು ಕುಂಡದ ತಟ್ಟೆ, ಏಸಿ ನೀರಿನ ಬಕೆಟ್‌ನಂಥ ಕಡೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು, ಆದ್ದರಿಂದ ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ ತಟ್ಟೆಯನ್ನು ಉಜ್ಜಿ. ಕೂರುವ ಕಡೆ ಗೋಡೆಗೊಂದು ಫ್ಯಾನ್ ಹಾಕಿಸಿ, ಗಾಳಿ ಮೊಣಕಾಲಿನ ಮಟ್ಟಕ್ಕೆ ಬೀಸುವಂತೆ ಬಗ್ಗಿಸಿ. ಸೊಳ್ಳೆಗೆ ಆ ಗಾಳಿಯ ಎದುರು ಹಾರುವ ಶಕ್ತಿ ಇಲ್ಲ.