ಪ್ರತಿಕ್ರಿಯೆ: ವಾರ್ಸಾದಲ್ಲಿ ಕೊಂಡ 1663ರ ನಾಣ್ಯ

ನೀವು ಕೇಳಿದ್ದು, ಒಂದು ಬದಿಯಲ್ಲಿ ಕಿರೀಟದಡಿ ಹೆಣೆದುಕೊಂಡ ಐ, ಸಿ, ಆರ್ ಅಕ್ಷರಗಳಿರುವ ಈ ಮಂಕು ನಾಣ್ಯ ಬೆಳ್ಳಿಯದೇ, ನಕಲಿಯೇ ಎಂದು. ಮಂಕಾಗಿದೆ ಎಂದ ಮಾತ್ರಕ್ಕೆ ನಕಲಿ ಎನ್ನಬೇಡಿ. ನಿಮ್ಮ ವಿವರಣೆಗೆ ಹೊಂದುವುದು ಪೋಲೆಂಡಿನ ರಾಜ ಯಾನ್ ಕಾಜಿಮಿಯೆಜ್‌ನ ‘ತಿಂಫ್’. ಅದರಲ್ಲಿ ಬೆಳ್ಳಿ ಹೆಚ್ಚುಕಡಿಮೆ ಅರ್ಧ, ಉಳಿದದ್ದು ತಾಮ್ರ. ಟಂಕಸಾಲೆಯ ಗುತ್ತಿಗೆದಾರ ಆಂದ್ರೆಯಾಸ್ ತಿಂಫ್‌ನಿಂದ ಆ ಹೆಸರು ಬಂತು.

ಹಿಂಬದಿಯ ಮೂರು ‘ಎಕ್ಸ್’ ಎಂದರೆ 30 ಗ್ರೋಶ್ (ಪೋಲೆಂಡಿನ ಚಿಲ್ಲರೆ ನಾಣ್ಯ), ಗ್ರಾಂ ಅಲ್ಲ. ಬೆಳ್ಳಿಯ ಲೆಕ್ಕ ಹಿಡಿದರೆ ಅದರ ನಿಜವಾದ ಬೆಲೆ ಆ ಮುಖಬೆಲೆಯ ಅರ್ಧದ ಆಸುಪಾಸು! ಸ್ವೀಡನ್ ದಾಳಿಯಿಂದ ದೇಶ ಬರಿದಾಗಿತ್ತು, ಸೈನಿಕರು ಬಾಕಿ ಸಂಬಳಕ್ಕೆ ದಂಗೆ ಎದ್ದಿದ್ದರು. ಖಜಾನೆಗೆ ಬೇರೆ ದಾರಿ ತೋಚಲಿಲ್ಲ. ಅಂಚಿನ ಲ್ಯಾಟಿನ್ ಬರಹವೇ ಅದಕ್ಕೊಂದು ಸಮಜಾಯಿಷಿ: ನಾಡು ಉಳಿದದ್ದೇ ಇದರ ಬೆಲೆ, ಅದು ಲೋಹಕ್ಕಿಂತ ಮಿಗಿಲು. ಇಷ್ಟು ಚಂದದ ನೆಪವನ್ನು ನಾನು ಬೇರೆ ನಾಣ್ಯದ ಮೇಲೆ ಕಂಡಿಲ್ಲ. ಜನ ಮಾತ್ರ ಮರುಳಾಗಲಿಲ್ಲ. ‘ರಾಜ ಯಾನ್ ಕಾಜಿಮಿಯೆಜ್’ ಎಂಬ ಅರ್ಥದ ಆ ಮೂರಕ್ಷರಗಳನ್ನು ‘ರಾಜ್ಯದ ವಿಪತ್ತಿನ ಆರಂಭ’ ಎಂದು ಲ್ಯಾಟಿನ್‌ನಲ್ಲೇ ಬಿಡಿಸಿ ನಕ್ಕರು. ಒಂದು ಕಾಲಕ್ಕೆ ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಾಧಿಕಾರಿ) ಆಗಿದ್ದ ಈ ವಾಸಾ ವಂಶದ ಅರಸ 1668ರಲ್ಲಿ ಸಿಂಹಾಸನ ಬಿಟ್ಟು ಫ್ರಾನ್ಸಿಗೆ ಹೋದ.

ತೂಕ ಹಾಕಿಸಿ: ಆರೂಮುಕ್ಕಾಲು ಗ್ರಾಂ ಸುತ್ತಮುತ್ತ ಇದ್ದರೆ ಒಳ್ಳೆಯ ಸೂಚನೆ. ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ.