ನಾಲ್ಕನೇ ಪುಟದ ಸಿಸ್ಟರ್ ಬಗ್ಗೆ ಬರೆಯಿರಿ, ಡಾಕ್ಟ್ರೇ

ಡಾಕ್ಟ್ರೇ, ನಮಸ್ಕಾರ.

ನೀವು ಕಳಿಸಿದ 'ಸಿಬ್ಬಂದಿಯಲ್ಲಿ ಆತ್ಮವಿಶ್ವಾಸ ತುಂಬುವುದು ಹೇಗೆ?' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ಪೂರ್ತಿ ಉಪದೇಶ. 'ಆಸ್ಪತ್ರೆ ಒಂದು ಕುಟುಂಬವಿದ್ದಂತೆ', 'ಎಲ್ಲರೂ ಕೈಜೋಡಿಸಬೇಕು', 'ಸಿಬ್ಬಂದಿಯನ್ನು ಹುರಿದುಂಬಿಸಬೇಕು'. ಇದನ್ನು ಯಾರೂ ಅಲ್ಲಗಳೆಯುವುದಿಲ್ಲ, ಯಾರೂ ನೆನಪಿಟ್ಟುಕೊಳ್ಳುವುದೂ ಇಲ್ಲ. ಬ್ಯಾಂಕಿನ ಬಗ್ಗೆ ಬರೆದರೂ ಇದೇ ಮಾತು ನಡೆಯುತ್ತದೆ ಅಲ್ವಾ? ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಂ ನಡೆಸುವವರು ಮಾತ್ರ ಬರೆಯಬಲ್ಲಂಥ ವಾಕ್ಯ ಅಲ್ಲಿ ಒಂದೂ ಇಲ್ಲ.

ನಾಲ್ಕನೇ ಪುಟದಲ್ಲಿ ಇದೆ. ಮೂರೇ ಸಾಲು. ನೀವು ಆಂಪಿಸಿಲಿನ್ ಇಂಜೆಕ್ಷನ್ ಬರೆದಿದ್ದಿರಿ. ಹೊಸದಾಗಿ ಸೇರಿದ್ದ ಸಿಸ್ಟರ್ ನಿಮ್ಮ ಹತ್ತಿರ ಬಂದು "ಇದೇ ಕೊಡ್ಲಾ ಸರ್?" ಎಂದು ಕೇಳಿದರು. ಹೊರಗೆ ಓಪಿಡಿ ತುಂಬಿತ್ತು. "ಬರೆದಿದ್ದು ಕಾಣಲ್ವಾ?" ಎಂದು ಗದರಿದಿರಿ. ಅವರು ಹೋದರು. ಮತ್ತೆ ಬಂದು ರೋಗಿಯ ಹಳೆ ಚೀಟಿ ತೋರಿಸಿದರು. ಅದರಲ್ಲಿ ಪೆನಿಸಿಲಿನ್ ಅಲರ್ಜಿ ಅಂತ ಬರೆದಿತ್ತು. ಇಷ್ಟು ಹೇಳಿ, ಮುಂದಿನ ಸಾಲಿನಲ್ಲೇ 'ಆದ್ದರಿಂದ ಉತ್ತಮ ಸಂವಹನ ಮುಖ್ಯ' ಎಂದು ಹೊರಟುಬಿಟ್ಟಿದ್ದೀರಿ.

ನಿಮ್ಮ ಲೇಖನ ಇರುವುದು ಆ ಮೂರು ಸಾಲಿನಲ್ಲೇ. ಆಂಪಿಸಿಲಿನ್ ಕೂಡ ಪೆನಿಸಿಲಿನ್ ಗುಂಪಿನ ಔಷಧ ಅಂತ ನಮ್ಮ ಓದುಗರಿಗೆ ಗೊತ್ತಿರುವುದಿಲ್ಲ, ಹೇಳಿ. ಅದನ್ನು ಕೊಟ್ಟಿದ್ದರೆ ಕೆಲವೇ ನಿಮಿಷಗಳಲ್ಲಿ ಏನಾಗಬಹುದಿತ್ತು, ಹೇಳಿ. ಬೈಸಿಕೊಂಡ ಮೇಲೂ ಆ ಸಿಸ್ಟರ್ ತಿರುಗಿ ಬಂದರಲ್ಲ, ಆ ಹತ್ತು ಹೆಜ್ಜೆ ಹಾಕಲು ಅವರಿಗೆ ಎಷ್ಟು ಧೈರ್ಯ ಬೇಕಾಯಿತು? "ಇದೇ ಕೊಡ್ಲಾ ಸರ್?" ಅನ್ನುವ ಮಾತನ್ನೂ ಬಿಡಿಸಿ ನೋಡಿ. ನಮ್ಮ ಕಡೆ ದೊಡ್ಡವರಿಗೆ 'ತಪ್ಪಾಗಿದೆ' ಅಂತ ಯಾರೂ ನೇರವಾಗಿ ಹೇಳುವುದಿಲ್ಲ. ಕೇಳುವ ಹಾಗೆ ಹೇಳುತ್ತಾರೆ. ಅದು ಕಿವಿಗೆ ಬೀಳದಿದ್ದರೆ ರೋಗಿಯ ಗತಿ?

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2005ರಲ್ಲಿ ಇಂಗ್ಲೆಂಡಿನಲ್ಲಿ ಇಲೇನ್ ಬ್ರೊಮಿಲಿ ಎಂಬ ತಾಯಿ ಸೈನಸ್ಸಿನ ಚಿಕ್ಕ ಆಪರೇಷನ್‌ಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಕಟ್ಟಿಕೊಂಡಿತು. ಅನುಭವಿ ವೈದ್ಯರು ಗಂಟಲಿಗೆ ಟ್ಯೂಬ್ ಹಾಕಲು ಮತ್ತೆ ಮತ್ತೆ ಪ್ರಯತ್ನಿಸುತ್ತಲೇ ಇದ್ದರು. ಒಬ್ಬ ನರ್ಸ್ ಉಸಿರಾಟಕ್ಕೆ ಕುತ್ತಿಗೆಯಲ್ಲಿ ರಂಧ್ರ ಮಾಡುವ ಸಲಕರಣೆ ತಂದು, ತಂದಿದ್ದೇನೆ ಎಂದರು. ಯಾರೂ ಗಮನ ಕೊಡಲಿಲ್ಲ. ಇನ್ನೊಬ್ಬರು ಐಸಿಯು ಹಾಸಿಗೆ ಹೇಳಿ ಬಂದರು. ವೈದ್ಯರು ನೋಡಿದ ನೋಟಕ್ಕೆ ಅಂಜಿ ಅದನ್ನು ರದ್ದು ಮಾಡಿದರು. 13 ದಿನಗಳ ನಂತರ ಇಲೇನ್ ತೀರಿಕೊಂಡರು. ಅವರ ಪತಿ ಮಾರ್ಟಿನ್ ವಿಮಾನದ ಪೈಲಟ್. ವಿಮಾನದಲ್ಲಿ ಕಿರಿಯರಿಗೆ ಬಾಯಿಬಿಟ್ಟು ಹೇಳುವುದನ್ನೂ ಹಿರಿಯರಿಗೆ ಕೇಳಿಸಿಕೊಳ್ಳುವುದನ್ನೂ ತರಬೇತಿ ಕೊಟ್ಟೇ ಕಲಿಸುತ್ತಾರೆ. ಅದನ್ನು ಆಸ್ಪತ್ರೆಗಳಿಗೂ ತರಬೇಕೆಂದು ಅವರು ಆಮೇಲೆ ವರ್ಷಗಟ್ಟಲೆ ಓಡಾಡಿದರು.

ನಿಮ್ಮ ಐದನೇ ಪುಟದ ಒಂದು ಸಾಲು ಓದಿ ನನಗೆ ನಿಜವಾಗಿ ಭಯವಾಯಿತು. 'ಕಳೆದ ಎರಡು ವರ್ಷಗಳಲ್ಲಿ ನಮ್ಮ ಸಿಬ್ಬಂದಿಯಿಂದ ಒಂದೂ ತಪ್ಪು ವರದಿಯಾಗಿಲ್ಲ.' ಇದನ್ನು ಹೆಮ್ಮೆಯಿಂದ ಬರೆದಿದ್ದೀರಿ. 1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಲು ಹೋದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಜಾಸ್ತಿ ತಪ್ಪು ದಾಖಲಾಗಿತ್ತು. ಅಲ್ಲಿಯವರು ಮುಚ್ಚಿಡದೆ ಹೇಳುತ್ತಿದ್ದುದೇ ಕಾರಣ ಎಂದು ಅವರಿಗೆ ಆಮೇಲೆ ಹೊಳೆಯಿತು. ನಿಮ್ಮಲ್ಲಿ ಎರಡು ವರ್ಷ ಸೊನ್ನೆ ಅಂದರೆ ಏನರ್ಥ, ದಯವಿಟ್ಟು ಯೋಚಿಸಿ.

ಇನ್ನೊಂದು ಮಾತು. ಸ್ವಲ್ಪ ಕಹಿಯಾಗಬಹುದು. ಬರಹದುದ್ದಕ್ಕೂ ವೈದ್ಯರು 'ಅವರು', ರೋಗಿ 'ಅವರು'. ಸಿಸ್ಟರ್, ಆಯಾ ಮಾತ್ರ 'ಅವಳು'. ಕಂಪೌಂಡರ್ 'ಅವನು'. ಬೇಕೆಂದು ಹಾಗೆ ಬರೆದಿಲ್ಲ ಅಂತ ನನಗೆ ಗೊತ್ತು. ಆದರೆ ಏಕವಚನದಲ್ಲಿ ಕರೆಸಿಕೊಳ್ಳುವವರು ಬಹುವಚನದವರನ್ನು ತಡೆದು ನಿಲ್ಲಿಸುವುದು ಕಷ್ಟ. ನನ್ನ ತಾಯಿ ಒಂದು ಆಸ್ಪತ್ರೆಯಲ್ಲಿದ್ದಾಗ, ಡ್ರಿಪ್ ಹಾಕಿದ ಕೈ ಊದಿರುವುದನ್ನು ಮೊದಲು ನೋಡಿದ್ದು ನೆಲ ಒರೆಸಲು ಬಂದ ಆಯಾ. ಅವರು ಸಿಸ್ಟರಿಗೆ ಹೇಳಲಿಲ್ಲ. ನನ್ನ ಕಿವಿಯಲ್ಲಿ ಹೇಳಿ, "ನಾನು ಹೇಳ್ದೆ ಅನ್ಬೇಡಿ" ಎಂದರು. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ.

'ಚೆಕ್‌ಲಿಸ್ಟ್ ಬಳಸಿ' ಎಂಬ ಸಲಹೆ ಒಳ್ಳೆಯದೇ, ಆದರೆ ಒಂದೇ ಸಾಲಿಗೆ ಮುಗಿಸಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಆಪರೇಷನ್ ಚೆಕ್‌ಲಿಸ್ಟಿನಲ್ಲಿ 19 ಅಂಶಗಳಿವೆ. ದೆಹಲಿಯೂ ಸೇರಿ 8 ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಒಂದು ಸಣ್ಣ ಅಂಶ. ಕತ್ತಿ ಇಡುವ ಮೊದಲು ಕೋಣೆಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು. ಒಂದು ಸಲ ಬಾಯಿ ತೆರೆದವರಿಗೆ ಎರಡನೇ ಸಲ ತೆರೆಯುವುದು ಸುಲಭ. ನಿಮ್ಮಲ್ಲಿ ಬೆಳಿಗ್ಗೆ ಓಪಿಡಿ ಶುರುವಾಗುವ ಮೊದಲು ಇಂಥದ್ದು ಏನಾದರೂ ನಡೆಯುತ್ತದಾ? ನಡೆದರೆ ಬರೆಯಿರಿ. ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ.

ಮೊದಲ ಮೂರು ಪುಟ ತೆಗೆದುಬಿಡಿ. "ಇದೇ ಕೊಡ್ಲಾ ಸರ್?" ಇಂದಲೇ ಶುರು ಮಾಡಿ. ನೀವು ಗದರಿದ್ದನ್ನು ಮುಚ್ಚಬೇಡಿ, ಓದುಗರು ನಿಮ್ಮನ್ನು ನಂಬುವುದು ಆ ಸಾಲಿನಿಂದಲೇ. ಚೀಟಿ ನೋಡಿದ ಮೇಲೆ ನೀವು ಸಿಸ್ಟರಿಗೆ ಏನಂದಿರಿ? ಎಲ್ಲರೆದುರು ಅಂದಿರಾ? ಅದು ಲೇಖನದಲ್ಲಿ ಎಲ್ಲೂ ಇಲ್ಲ. ಆ ಸಿಸ್ಟರ್ ಈಗಲೂ ನಿಮ್ಮಲ್ಲೇ ಇದ್ದರೆ, ಬರೆಯುವ ಮೊದಲು ಅವರ ಜೊತೆ ಕೂತು ಆ ದಿನದ ಬಗ್ಗೆ ಕೇಳಿ. ಅವರ ಒಪ್ಪಿಗೆ ತೆಗೆದುಕೊಳ್ಳಿ, ರೋಗಿಯ ಗುರುತು ಸಿಗದ ಹಾಗೆ ನೋಡಿಕೊಳ್ಳಿ. ಎರಡು ಪುಟ ಸಾಕು. ಕಳಿಸಿದ ದಿನವೇ ಓದುತ್ತೇನೆ.