ಸಂಪಾದಕರ ಉತ್ತರ: ಏರೋಸ್ಮಿತ್‌ನ ವರ್ಷಗಳ ಲೆಕ್ಕ

ದಾವಣಗೆರೆಯಿಂದ ಬರೆದಿರುವ ಓದುಗರೇ, ನಮಸ್ಕಾರ.

ನಿಮ್ಮ ಪತ್ರದಲ್ಲಿ ಸಿಟ್ಟು ಜಾಸ್ತಿಯೇ ಇದೆ. ಆದರೆ ನನ್ನ ಲೆಕ್ಕ ತಪ್ಪು ಅಂದಿದ್ದು ಸರಿ ಇದೆ. ಹಾಗಾಗಿ ಮೊದಲು ತಪ್ಪೊಪ್ಪಿಗೆ. ಕಳೆದ ಸಂಚಿಕೆಯಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಏರೋಸ್ಮಿತ್ ಬಗ್ಗೆ ಬರೆಯುವಾಗ 'ಅದೇ ಐದು ಜನ, ಅರ್ಧ ಶತಮಾನ' ಅಂತ ಹಾಕಿಬಿಟ್ಟಿದ್ದೆ. ಕೇಳೋಕೆ ಚೆನ್ನಾಗಿತ್ತು, ಅಷ್ಟೇ. ನೀವು ಹಿಡಿದಿರಿ.

ಪತ್ರ ನೋಡದವರಿಗೆ ವಿಷಯ ಇಷ್ಟು. 2007ರ ಜೂನ್ 2ರಂದು ಏರೋಸ್ಮಿತ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಈ ಓದುಗರು ರಾತ್ರಿ ಬಸ್ಸು ಹಿಡಿದು ಬಂದು ನಿಂತು ಕೇಳಿದವರು. ಅಂಥವರೇ ಈಗ ಹೇಳ್ತಾರೆ, ಈ ಬ್ಯಾಂಡ್ 1979ರಲ್ಲೇ ಸತ್ತಿತು, ಆಮೇಲಿನದೆಲ್ಲ ಬೋರ್ಡು ಹಳೇದು ಭಟ್ಟರು ಹೊಸಬರು ಅನ್ನೋ ಹೋಟೆಲ್ಲಿನ ಕಥೆ, ಹಾಡು ಬರೆಯೋಕೂ ಹೊರಗಿನವರು ಬೇಕಾಯ್ತು, ಹಾಗಾಗಿ 50 ವರ್ಷ ಅನ್ನಬೇಡಿ, ಒಂಬತ್ತು ಅನ್ನಿ.

ಒಂಬತ್ತಾ? ಬನ್ನಿ, ಎಣಿಸೋಣ.

1970ರಲ್ಲಿ ಬಾಸ್ಟನ್‌ನಲ್ಲಿ ಶುರು. ಹಾಡೋಕೆ ಸ್ಟೀವನ್ ಟೈಲರ್, ಗಿಟಾರ್‌ಗೆ ಜೋ ಪೆರಿ, ಬೇಸ್‌ಗೆ ಟಾಮ್ ಹ್ಯಾಮಿಲ್ಟನ್, ಡ್ರಮ್ಸ್‌ಗೆ ಜೋಯಿ ಕ್ರೇಮರ್. ಎರಡನೇ ಗಿಟಾರ್‌ಗೆ ಮೊದಲು ರೇ ಟಬಾನೊ ಇದ್ದ. 1971ರಲ್ಲಿ ಅವನ ಜಾಗಕ್ಕೆ ಬ್ರ್ಯಾಡ್ ವಿಟ್‌ಫರ್ಡ್ ಬಂದ. ಅಂದರೆ ನಾನು ಹೇಳಿದ 'ಅದೇ ಐದು ಜನ' ಮೊದಲ ದಿನದಿಂದಲೇ ಅಲ್ಲ. ನೀವು ಇದನ್ನು ಬರೆದಿರಲಿಲ್ಲ, ನಾನೇ ನನ್ನ ಮೇಲೆ ಸೇರಿಸಿಕೊಂಡೆ. ಕಾಮನ್‌ವೆಲ್ತ್ ಅವೆನ್ಯೂದ 1325ನೇ ನಂಬರಿನ ಕಟ್ಟಡದಲ್ಲಿ ಒಂದೇ ಮನೆ ಮಾಡಿಕೊಂಡು ಇದ್ದರು. ಊಟಕ್ಕೆ ತತ್ವಾರ. 2012ರಲ್ಲಿ ಅದೇ ಕಟ್ಟಡದ ಎದುರು ರಸ್ತೆಯಲ್ಲೇ ಪುಕ್ಕಟೆಯಾಗಿ ನುಡಿಸಿದರು.

1973ರ ಮೊದಲ ಆಲ್ಬಂ ಬಂದಾಗ ಯಾರೂ ಹಬ್ಬ ಮಾಡಲಿಲ್ಲ. ಅದರ 'ಡ್ರೀಮ್ ಆನ್' ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 59ರ ತನಕ ಹತ್ತಿ ಇಳಿಯಿತು. ಅದೇ ಹಾಡನ್ನು 1976ರಲ್ಲಿ ಮತ್ತೆ ಬಿಟ್ಟಾಗ 6ನೇ ಸ್ಥಾನ. ಹಾಡು ಅದೇ. ಬದಲಾಗಿದ್ದು ಮಧ್ಯದ ಮೂರು ವರ್ಷ, ಊರೂರು ತಿರುಗಿದ್ದು, ನಿರ್ಮಾಪಕ ಜ್ಯಾಕ್ ಡಗ್ಲಸ್ ಜೊತೆ ಮಾಡಿದ 'ಟಾಯ್ಸ್ ಇನ್ ದ ಆ್ಯಟಿಕ್'. 1976ರಲ್ಲೇ 'ರಾಕ್ಸ್' ಕೂಡ ಬಂತು. ಈ ಎರಡು ಆಲ್ಬಂ ಬಗ್ಗೆ ನಿಮಗೂ ನನಗೂ ಜಗಳವಿಲ್ಲ, ಹಾಗಾಗಿ ಮುಂದೆ ಹೋಗ್ತೀನಿ.

ಇನ್ನು 1979. ನೀವು ಸಾವು ಅಂದಿದ್ದು ಇದನ್ನೇ. ಟೈಲರ್, ಪೆರಿ ಇಬ್ಬರೂ ಮಾದಕ ವಸ್ತುಗಳಲ್ಲಿ ಮುಳುಗಿಹೋಗಿದ್ದರು. 'ಟಾಕ್ಸಿಕ್ ಟ್ವಿನ್ಸ್' ಅಂತ, ವಿಷದ ಅವಳಿಗಳು ಅಂತ, ಅಡ್ಡಹೆಸರೇ ಬಿದ್ದಿತ್ತು. ಪೆರಿಯ ತಲೆ ಮೇಲೆ ಹೋಟೆಲ್ ರೂಮ್ ಸರ್ವೀಸಿನ ಬಾಕಿಯೇ ದೊಡ್ಡ ಸಾಲವಾಗಿ ಕೂತಿತ್ತು. ಆ ಜುಲೈನಲ್ಲಿ ಕ್ಲೀವ್‌ಲ್ಯಾಂಡ್‌ನ ಕಾರ್ಯಕ್ರಮದ ದಿನ ವೇದಿಕೆಯ ಹಿಂದೆ ಪೆರಿಯ ಹೆಂಡತಿ ಹ್ಯಾಮಿಲ್ಟನ್‌ನ ಹೆಂಡತಿಯ ಮೇಲೆ ಒಂದು ಲೋಟ ಹಾಲು ಎರಚಿದಳು. ಅಲ್ಲಿಂದ ಕೂಗಾಟ, ಕೂಗಾಟದಿಂದ ಪೆರಿ ಹೊರಗೆ. ನಮ್ಮಲ್ಲಿ ಹೊಸ ಮನೆಗೆ ಹೋದರೆ ಹಾಲು ಉಕ್ಕಿಸ್ತಾರೆ, ಇಲ್ಲಿ ಹಾಲು ಚೆಲ್ಲಿ ಮನೆಯೇ ಒಡೆಯಿತು. ಹಾಲು ನೆಪ ಅಂತ ಎಲ್ಲರಿಗೂ ಗೊತ್ತಿತ್ತು ಬಿಡಿ. 1981ರಲ್ಲಿ ವಿಟ್‌ಫರ್ಡ್ ಕೂಡ ಹೋದ. ಅವರಿಬ್ಬರ ಜಾಗದಲ್ಲಿ ಜಿಮ್ಮಿ ಕ್ರೆಸ್ಪೊ, ರಿಕ್ ಡ್ಯುಫೇ ನುಡಿಸಿದರು. 1982ರಲ್ಲಿ ಒಂದೇ ಒಂದು ಆಲ್ಬಂ.

ಬೋರ್ಡು ಹಳೇದು ಭಟ್ಟರು ಹೊಸಬರು ಅನ್ನೋ ನಿಮ್ಮ ಮಾತು ಈ ವರ್ಷಗಳಿಗೆ ಪೂರ್ತಿ ಒಪ್ಪುತ್ತೆ. ಆದರೆ 1984ರಲ್ಲಿ ಹಳೇ ಭಟ್ಟರಿಬ್ಬರೂ ವಾಪಸ್ ಬಂದರಲ್ಲ! ನಿಮ್ಮ ಪತ್ರದಲ್ಲಿ ಇದಕ್ಕೆ ಅರ್ಧ ವಾಕ್ಯ ಕೊಟ್ಟಿದ್ದೀರಿ. ನನಗೆ ಇಡೀ ಕಥೆಯಲ್ಲಿ ದೊಡ್ಡದಾಗಿ ಕಾಣೋದು ಇದೇ. ಒಡೆದ ಬ್ಯಾಂಡ್‌ಗಳು ಒಂದು ಪ್ರವಾಸಕ್ಕೆ ಸೇರ್ತಾರೆ, ದುಡ್ಡು ಎಣಿಸ್ತಾರೆ, ಹೋಗ್ತಾರೆ. ಇವರು ಅದಾದ ಮೇಲೆ ಮೂವತ್ತೈದು ವರ್ಷ ಜೊತೆಗಿದ್ದರು.

ವಾಪಸ್ ಬಂದ ತಕ್ಷಣ ಎಲ್ಲ ಸರಿಹೋಗಲಿಲ್ಲ. 1985ರ 'ಡನ್ ವಿತ್ ಮಿರರ್ಸ್' ಹೆಚ್ಚು ಸದ್ದು ಮಾಡಲಿಲ್ಲ, ಚಟಗಳೂ ಹಾಗೇ ಇದ್ದವು. ಆಗ ಆಗಿದ್ದು ನೋಡಿ. ನ್ಯೂಯಾರ್ಕಿನ ರ‍್ಯಾಪ್ ಹುಡುಗರು ವರ್ಷಗಳಿಂದ 'ವಾಕ್ ದಿಸ್ ವೇ' ಅನ್ನೋ ಏರೋಸ್ಮಿತ್ ಹಾಡಿನ ರೆಕಾರ್ಡಿನಿಂದ ಮೊದಲ ಕೆಲವು ಸೆಕೆಂಡು ಮಾತ್ರ ಬಳಸ್ತಿದ್ದರು. ಕ್ರೇಮರ್‌ನ ಡ್ರಮ್ಸ್ ಬರುತ್ತಲ್ಲ, ಅಷ್ಟೇ. ಹಾಡು ಶುರುವಾಗೋ ಮೊದಲೇ ಸೂಜಿಯನ್ನು ಹಿಂದಕ್ಕೆ ತಂದು ಮತ್ತೆ ಅದನ್ನೇ ಓಡಿಸೋದು. ಅಂಥ ಒಂದು ತಂಡವಾದ ರನ್-ಡಿಎಂಸಿ ಹುಡುಗರಿಗೆ ಬ್ಯಾಂಡಿನ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ. ಇಡೀ ಹಾಡು ಮಾಡಿ ಅಂತ ನಿರ್ಮಾಪಕ ರಿಕ್ ರೂಬಿನ್ ಹಟ ಹಿಡಿದ. ಅವರಿಗೆ ಸಾಹಿತ್ಯ ಕೇಳಿ ನಗು ಬಂತು. ಏರೋಸ್ಮಿತ್ ಕಡೆಯಿಂದ ಸ್ಟುಡಿಯೋಗೆ ಬಂದಿದ್ದು ಟೈಲರ್, ಪೆರಿ ಇಬ್ಬರೇ. 1986ರಲ್ಲಿ ಅದು 4ನೇ ಸ್ಥಾನಕ್ಕೆ ಹೋಯಿತು. ಮೂಲ ಹಾಡು 10ರಲ್ಲೇ ನಿಂತಿತ್ತು. ವಿಚಿತ್ರ ಏನಪ್ಪ ಅಂದರೆ, ಯಾರ ಡ್ರಮ್ಸ್ ಆ ಹಾಡನ್ನು ಅಷ್ಟು ವರ್ಷ ಬದುಕಿಸಿತ್ತೋ ಆ ಕ್ರೇಮರ್ ಹೊಸ ರೆಕಾರ್ಡಿನಲ್ಲೇ ಇಲ್ಲ.

ಅದೇ ವರ್ಷ ಮ್ಯಾನೇಜರ್ ಟಿಮ್ ಕಾಲಿನ್ಸ್ ಮತ್ತು ಬ್ಯಾಂಡಿನವರು ಟೈಲರ್‌ನನ್ನು ಕೂರಿಸಿ, ಚಿಕಿತ್ಸೆಗೆ ಹೋಗು, ಇಲ್ಲದಿದ್ದರೆ ಆಗಲ್ಲ ಅಂದರು. ನೀವೂ ಕುಡಿಯೋರೇ, ನನ್ನೊಬ್ಬನಿಗೆ ಯಾಕೆ ಅಂತ ಅವನಿಗೆ ಉರಿದುಹೋಯಿತು. ನ್ಯಾಯವಾದ ಸಿಟ್ಟೇ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹೋದರು.

ಈಗ ನಿಮ್ಮ ಮುಖ್ಯ ದೂರಿಗೆ ಬರ್ತೀನಿ, ಹೊರಗಿನ ಬರಹಗಾರರು. ನಿಜ, 1987ರ 'ಪರ್ಮನೆಂಟ್ ವೆಕೇಶನ್'ಗೆ ಡೆಸ್ಮಂಡ್ ಚೈಲ್ಡ್‌ನಂಥವರನ್ನು ಕರೆಸಿದರು, ನಿರ್ಮಾಪಕ ಬ್ರೂಸ್ ಫೇರ್‌ಬೇರ್ನ್, ಎಲ್ಲ ರೇಡಿಯೋಗೆ ಹೊಂದೋ ಹಾಗೆ ಒಪ್ಪವಾಗಿ ಕೂತಿತ್ತು. ಇನ್ನೂ ಚುಚ್ಚೋ ಮಾತು ಬೇಕಾದರೆ ನಾನೇ ಕೊಡ್ತೀನಿ: ಐದು ದಶಕದಲ್ಲಿ ಇವರಿಗೆ ಅಮೆರಿಕದ ಆ ಹಾಡುಗಳ ಪಟ್ಟಿಯಲ್ಲಿ 1ನೇ ಸ್ಥಾನ ಸಿಕ್ಕಿದ್ದು ಒಂದೇ ಸಲ, 1998ರಲ್ಲಿ, 'ಆರ್ಮಗೆಡಾನ್' ಸಿನಿಮಾದ ಹಾಡಿಗೆ, ಅದನ್ನು ಬರೆದವರು ಡಯಾನ್ ವಾರೆನ್. ಟೈಲರ್‌ನ ಮಗಳು ಲಿವ್ ಆ ಸಿನಿಮಾದಲ್ಲಿ ನಟಿಸಿದ್ದಳು. ನನಗೆ ಆ ಹಾಡು ಸ್ವಲ್ಪ ಸಕ್ಕರೆ ಜಾಸ್ತಿಯಾದ ಪಾಯಸ. ಆದರೂ ಕೊನೆಯಲ್ಲಿ ಟೈಲರ್ ಕಿರುಚೋ ಕಡೆ ಪ್ರತಿ ಸಲ ವಾಲ್ಯೂಮ್ ಏರಿಸ್ತೀನಿ, ಏನ್ಮಾಡೋದು.

ಆದರೆ 1989ರ 'ಪಂಪ್' ಆಲ್ಬಂ ತೆಗೀರಿ. 'ಜೇನೀಸ್ ಗಾಟ್ ಎ ಗನ್' ಬರೆದಿದ್ದು ಟೈಲರ್ ಮತ್ತು ಹ್ಯಾಮಿಲ್ಟನ್, ಹೊರಗಿನವರ ಕೈ ಇಲ್ಲ. ಅಪ್ಪನಿಂದಲೇ ದೌರ್ಜನ್ಯಕ್ಕೆ ಸಿಕ್ಕ ಹುಡುಗಿ ಬಂದೂಕು ಎತ್ತಿಕೊಳ್ಳೋ ಕಥೆ. ಹುಡುಗಿಯರ ಹಿಂದೆ ಅಲೆಯೋ ಹಾಡುಗಳಿಗೇ ಹೆಸರಾದ ಬ್ಯಾಂಡ್ ಇದನ್ನು ಬರೆಯಿತು, ಮೊದಲ ಗ್ರ್ಯಾಮಿ ಇದಕ್ಕೇ ಸಿಕ್ಕಿತು. ಸತ್ತ ಬ್ಯಾಂಡ್ ಇಂಥ ಹಾಡು ಬರೆಯುತ್ತಾ? ಮತ್ತೆ ಇನ್ನೊಂದು, ಪತ್ರದಲ್ಲಿ ನೀವೇ ಬರೆದಿದ್ದೀರಿ, ನೀವು ಇವರನ್ನು ಮೊದಲು ನೋಡಿದ್ದು ಕೇಬಲ್ ಟಿವಿಯಲ್ಲಿ, 'ಕ್ರೇಜಿ' ವಿಡಿಯೋದಲ್ಲಿ ಅಂತ. ಅದು 1993ರ 'ಗೆಟ್ ಎ ಗ್ರಿಪ್' ಆಲ್ಬಂನ ಹಾಡು! ನಿಮ್ಮನ್ನು ಅರಮನೆ ಮೈದಾನಕ್ಕೆ ಕರೆತಂದಿದ್ದು ನೀವು ಬೈಯೋ ಆ ಎರಡನೇ ಏರೋಸ್ಮಿತ್‌ ಅಲ್ವಾ? ನನ್ನ ಕಥೆಯೂ ಅದೇ, ವಾದಕ್ಕೆ ಹೇಳ್ತಿಲ್ಲ.

2000ದ ನಂತರದ ಆಲ್ಬಂಗಳ ಬಗ್ಗೆ ಹೇಳೋಕೆ ಹೆಚ್ಚಿಲ್ಲ. 2012ರ ನಂತರ ಪೂರ್ತಿ ಹೊಸ ಆಲ್ಬಂ ತರಲೂ ಇಲ್ಲ. ಜಗಳ ಮಾತ್ರ ನಿಲ್ಲಲಿಲ್ಲ. 2009ರಲ್ಲಿ ಸ್ಟರ್ಜಿಸ್‌ನಲ್ಲಿ ಟೈಲರ್ ವೇದಿಕೆಯಿಂದ ಬಿದ್ದ, ಆಮೇಲೆ ಅವನಿಲ್ಲದೆ ಮುಂದುವರಿಯೋ ಮಾತೂ ಬಂತು. ಮನಸ್ಸು ಕೆಡಿಸಿದ್ದು 2020. ಗಾಯವಾಗಿ ದೂರ ಇದ್ದ ಕ್ರೇಮರ್ ವಾಪಸ್ ನುಡಿಸೋಕೆ ಕೋರ್ಟಿಗೆ ಹೋಗಬೇಕಾಯಿತು, ಸೋತ. ಹೊಸದಾಗಿ ಡ್ರಮ್ಸ್ ನುಡಿಸಿ ಯೋಗ್ಯತೆ ತೋರಿಸು ಅಂದರಂತೆ, ಬ್ಯಾಂಡಿಗೆ ಹೆಸರಿಟ್ಟವನಿಗೆ! ವಿದಾಯದ ಪ್ರವಾಸದಲ್ಲಿ ಅವನು ಇರಲಿಲ್ಲ. ಈ ವಿಷಯಕ್ಕೆ ನೀವು ಬೈದಿದ್ದರೆ ನಾನು ಬಾಯಿ ಮುಚ್ಚಿಕೊಂಡು ಕೇಳ್ತಿದ್ದೆ.

ಆ ಪ್ರವಾಸ 2023ರ ಸೆಪ್ಟೆಂಬರ್ 2ರಂದು ಫಿಲಡೆಲ್ಫಿಯಾದಲ್ಲಿ ಶುರುವಾಯಿತು. ಒಂದು ವಾರದೊಳಗೆ ಮೂರನೇ ಕಾರ್ಯಕ್ರಮದಲ್ಲಿ ಟೈಲರ್‌ನ ಗಂಟಲಿಗೆ ಪೆಟ್ಟಾಯಿತು. ಧ್ವನಿಪೆಟ್ಟಿಗೆಯೇ ಬಿರುಕು ಬಿಟ್ಟಿತ್ತು. 2024ರ ಆಗಸ್ಟ್‌ನಲ್ಲಿ, ಆ ದನಿ ಪೂರ್ತಿ ಸರಿಹೋಗಲ್ಲ, ಇನ್ನು ಪ್ರವಾಸ ಇಲ್ಲ ಅಂತ ಹೇಳಿಬಿಟ್ಟರು. ಆದರೂ 2025ರಲ್ಲಿ ಯಂಗ್‌ಬ್ಲಡ್ ಅನ್ನೋ ಹುಡುಗನ ಜೊತೆ ಸೇರಿ ಒಂದು ಪುಟ್ಟ ರೆಕಾರ್ಡ್ ಬಿಟ್ಟಿದ್ದಾರೆ.

ಹಾಗಾಗಿ ತಿದ್ದುಪಡಿ ಹೀಗೆ ಹಾಕ್ತೀನಿ: 'ಅದೇ ಐದು ಜನ, 1971ರಿಂದ 1979, ಮತ್ತೆ 1984ರಿಂದ ಸುಮಾರು 2019.' ಕೂಡಿ ನೋಡಿ, ನಿಮ್ಮ ಒಂಬತ್ತಕ್ಕಿಂತ ಜಾಸ್ತಿ, ನನ್ನ ಐವತ್ತಕ್ಕಿಂತ ಕಮ್ಮಿ.

ಕೊನೆಗೆ ನಿಮ್ಮ ಪ್ರಶ್ನೆ. ಮಗಳು ಡ್ರಮ್ಸ್ ಕಲೀತಿದ್ದಾಳೆ, ಯಾವುದರಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. 'ರಾಕ್ಸ್' ಆಮೇಲೆ ಕೇಳಿಸಿ. ಮೊದಲು 'ವಾಕ್ ದಿಸ್ ವೇ' ಹಾಕಿ, ಗಿಟಾರ್ ಬರೋ ಮುಂಚೆಯೇ ನಿಲ್ಲಿಸಿ, ಮತ್ತೆ ಮೊದಲಿಂದ ಹಾಕಿ. ಅವಳಿಗೆ ಬೇಜಾರಾಗೋ ತನಕ ಅಷ್ಟನ್ನೇ ಹಾಕ್ತಾ ಇರಿ. ಮತ್ತೆ, ನೀವು ಕಳಿಸಿದ 2007ರ ಟಿಕೆಟ್ಟಿನ ಫೋಟೋ ಮಸುಕಾಗಿದೆ, ಅಚ್ಚು ಹಾಕೋಕಾಗಲ್ಲ. ಬೆಳಕಿನಲ್ಲಿಟ್ಟು ಇನ್ನೊಂದು ತೆಗೆದು ಕಳಿಸಿ.

ಸಂಪಾದಕ